ನಿಲ್ಲದ ಗಾಣ

ಎಣ್ಣೆ ವ್ಯಾಪಾರಿ ನರಿ ತನ್ನ ಗಾಣ ಎಳೆಯಲು ಆಳು ಹುಡುಕುತ್ತಿತ್ತು. ಹಗಲಿಡೀ ಗಾಣ ಒಂದು ಗಳಿಗೆಯೂ ನಿಲ್ಲಬಾರದು ಎಂಬುದು ಅದರ ಷರತ್ತು.

ಎತ್ತು ಹೇಳಿತು: "ಸ್ವಾಮಿ, ಮಧ್ಯಾಹ್ನ ಮೆಲುಕು ಹಾಕಲು ನನಗೆ ಸ್ವಲ್ಪ ಹೊತ್ತು ಬೇಕು. ನೊಗದ ಹಗ್ಗವನ್ನೂ ಆಗಾಗ ಬಿಗಿ ಮಾಡಬೇಕು. ಉಳಿದ ಹೊತ್ತು ನನ್ನನ್ನು ನಂಬಬಹುದು."

"ನನಗೆ ಅದೆಲ್ಲ ಬೇಡ. ನಾನು ನಿಲ್ಲುವುದೇ ಇಲ್ಲ, ಬುದ್ಧಿ!" ಎಂದಿತು ಕತ್ತೆ.

ನರಿ ಹಿಗ್ಗಿ ಕತ್ತೆಯನ್ನೇ ಇಟ್ಟುಕೊಂಡು, "ನಮ್ಮಲ್ಲಿ ಯಾವಾಗ ಬಂದರೂ ಎಣ್ಣೆ ಸಿಗುತ್ತದೆ" ಎಂದು ಕಾಡಿಗೆಲ್ಲ ಸಾರಿತು.

ಹಬ್ಬದ ಹಿಂದಿನ ದಿನ ಪ್ರಾಣಿಗಳೆಲ್ಲ ಕೊಡ ಹಿಡಿದು ಅಂಗಡಿ ಮುಂದೆ ಸಾಲುಗಟ್ಟಿದ್ದಾಗ ಗಾಣ ಗಕ್ಕನೆ ನಿಂತಿತು. ನರಿ ಒಳಗೆ ಓಡಿ ನೋಡಿದರೆ ಕತ್ತೆ ನಾಲ್ಕೂ ಕಾಲು ಚಾಚಿ ಮಲಗಿತ್ತು.

"ನಿಲ್ಲುವುದಿಲ್ಲ ಎಂದಿದ್ದೆಯಲ್ಲೋ!" ಎಂದು ನರಿ ಕೂಗಿತು.

"ನಾನು ನಿಂತಿಲ್ಲ ಬುದ್ಧಿ, ಬಿದ್ದಿದ್ದೇನೆ" ಎಂದಿತು ಕತ್ತೆ.

ಹೊರಗೆ ಕರಡಿ ಬಾಗಿಲು ಬಡಿಯತೊಡಗಿತು. ಬೇರೆ ದಾರಿ ಕಾಣದೆ ನರಿ ತಾನೇ ನೊಗಕ್ಕೆ ಹೆಗಲು ಕೊಟ್ಟಿತು. ಎರಡು ಸುತ್ತು ಎಳೆಯುವಷ್ಟರಲ್ಲಿ ಅದರ ನಾಲಿಗೆ ಹೊರಬಿತ್ತು. ಆಗ ಅದು ಮೆಲ್ಲನೆ ಬಾಗಿಲು ತೆರೆದು ಬಹಳ ಗಂಭೀರವಾಗಿ ಹೇಳಿತು: "ಕರಡಿರಾಯರೇ, ಊಟ ಮುಗಿಸಿ ಬನ್ನಿ. ನಮ್ಮ ಗಾಣ ದಿನಾ ಈ ಹೊತ್ತಿಗೆ ನಿಲ್ಲುತ್ತದೆ."