ಯಮನೂರನ ಓಕೆ

ತುಂಗಭದ್ರೆಯ ದಂಡೆಯಲ್ಲಿ ಗಾದಿಲಿಂಗಪ್ಪಜ್ಜನೆಂಬ ಗುರು ಇದ್ದ. ಕಾವಿ ಉಟ್ಟವನಲ್ಲ, ಮಂತ್ರ ಕೊಟ್ಟವನೂ ಅಲ್ಲ. ಬಿದಿರು ಸೀಳಿ ಹರಿಗೋಲು ಹೆಣೆಯುತ್ತಿದ್ದ.

ಐವತ್ತು ವರ್ಷದಲ್ಲಿ ಅಜ್ಜನ ಹರಿಗೋಲು ಒಂದೂ ಮುಳುಗಿಲ್ಲ ಎಂದು ಎರಡೂ ದಂಡೆಯವರು ಎದೆ ಸೆಟೆಸಿ ಹೇಳುತ್ತಿದ್ದರು. ಅಜ್ಜ ಮಾತ್ರ ಹೇಳುತ್ತಿರಲಿಲ್ಲ.

ಅವನ ಶಿಷ್ಯ ಯಮನೂರ. ಅಜ್ಜನ ಕೈಕೆಳಗೆ ಮೂರು ವರ್ಷ ಕಳೆದಿದ್ದ. ಅದಕ್ಕೂ ಮೊದಲು ಪ್ರವಾಸಿಗಳನ್ನು ಹರಿಗೋಲಿನಲ್ಲಿ ಕೂರಿಸಿ ಹೊಳೆ ಸುತ್ತಿಸುತ್ತಿದ್ದ. ಅವರಿಂದ ಕಲಿತು ತಂದದ್ದು ಒಂದೇ ಮಾತು. ಓಕೆ.

ಆ ಮಾತಿನ ಮೇಲೆ ಅವನಿಗೆ ವಿಪರೀತ ಅಭಿಮಾನ.

"ಭಾರಿ ಮಾತ್ರೀ ಅಜ್ಜಾರ ಇದು," ಎಂದ ಒಂದು ದಿನ. "ಹೌದು ಅನ್ನಾಕ ಓಕೆ. ಸಾಕು ಅನ್ನಾಕ ಓಕೆ. ತಿಳೀತು ಅನ್ನಾಕ ಓಕೆ, ಹೋಗಿಬರ್ತೀನಿ ಅನ್ನಾಕೂ ಓಕೆ. ಕೆಲಸ ಮುಗೀತೇನು ಅಂದ್ರ, ಓಕೆ. ಇದೊಂದು ಬಂದ್ರ ದೇಶ ತಿರುಗಬಹುದ್ರೀ."

ಅಜ್ಜ ತಲೆಯಾಡಿಸಿದ.

ಮರುದಿನ ಯಮನೂರ ಕೇಳಿದ. "ಅಜ್ಜಾರ, ಈ ಬಿದಿರು ನೀರಾಗ ನೆನಿ ಹಾಕ್ಲೋ, ಈಗ ಸೀಳ್ಲೋ?"

"ಓಕೆ," ಎಂದ ಅಜ್ಜ.

"ಅಲ್ರೀ, ಎರಡರಾಗ ಯಾವುದ್ರೀ?"

"ಓಕೆ."

ಯಮನೂರ ಬಿದ್ದುಬಿದ್ದು ನಕ್ಕ. ಅಜ್ಜನಿಗೂ ತನ್ನ ಮಾತು ಹತ್ತಿತು ಎಂದು ಹಿಗ್ಗಿ ಹೀರೇಕಾಯಿಯಾದ. ನಕ್ಕವನಿಗೆ ಬಿದಿರಿನ ವಿಷಯ ಮರೆತೇ ಹೋಯಿತು. ಅದು ಅರ್ಧ ದಿನ ಬಿಸಿಲಿನಲ್ಲಿ ಬಿದ್ದಿತ್ತು.

ಆಗ ನಡುಗಡ್ಡೆಯ ಊರಿನವರು ಹೊಸ ಹರಿಗೋಲು ಮಾಡಿಕೊಡಲು ಹೇಳಿದ್ದರು. ಹನ್ನೆರಡು ಜನ ಕೂರುವಂಥದ್ದು. ಅವರಿಗೆ ಸೇತುವೆ ಇಲ್ಲ. ಬಸುರಿಯರು, ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಎಲ್ಲ ಹರಿಗೋಲಿನಲ್ಲೇ ದಾಟಬೇಕು.

"ಇದನ್ನ ನೀನ ಮಾಡು," ಎಂದ ಅಜ್ಜ.

ಮೂರು ವರ್ಷದಿಂದ ಯಮನೂರ ಕಾದಿದ್ದು ಇದಕ್ಕೇ. ಅಲ್ಲಿಯವರೆಗೆ ಅವನು ಎಷ್ಟು ಹೆಣೆದರೂ ಅದು ಅಜ್ಜನ ಹರಿಗೋಲು. ಯಾರಾದರೂ ಕೇಳಿದರೆ ಅಜ್ಜ, "ಇವ ನಮ್ಮ ಕಡೆ ಅದಾನ," ಎನ್ನುತ್ತಿದ್ದ, ಅಷ್ಟೇ. ಇದನ್ನು ಮಾಡಿದವನು ಯಮನೂರ ಎಂದು ಅಜ್ಜನ ಬಾಯಿಂದ ಒಮ್ಮೆ ಕೇಳಬೇಕು. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಹದಿನೈದು ದಿನ ಹೆಣೆದ. ಟಾರ್ಪಾಲು ಹೊದಿಸಿ ಹೊಲಿದ. ಡಾಂಬರು ಬಳಿದ, ಒಣಗಿಸಿದ. ಕೊನೆಯ ದಿನ ಮಧ್ಯಾಹ್ನ ಅಜ್ಜ ಬಂದು ಹರಿಗೋಲನ್ನು ಒಂದು ಸುತ್ತು ಹಾಕಿದ.

"ಹೆಂಗೈತಿ?"

"ಓಕೆ ರೀ ಅಜ್ಜಾರ!" ಹೆಬ್ಬೆರಳು ಎತ್ತಿ ತೋರಿಸಿದ ಯಮನೂರ.

"ಚಲೋ ಆತು. ನಾಳಿ ಮುಂಜಾನಿ ನೀರಿಗೆ ಬಿಡೂಣು. ನಿಮ್ಮವ್ವಗ ಹೇಳಿಕಳಿಸು."

"ಅವ್ವ ಯಾಕ್ರೀ?"

"ನಾ ಮಾಡಿದ ಹರಿಗೋಲಿನಾಗ ಮೊದ್ಲ ಯಾರು ಕುಂದರ್ತಿದ್ರು?"

ಯಮನೂರನಿಗೆ ಗೊತ್ತಿತ್ತು. ಅಜ್ಜನ ಹೆಂಡತಿ ಕುಳಿತುಕೊಳ್ಳುತ್ತಿದ್ದಳು. ಆಚೆ ದಂಡೆ ಮುಟ್ಟಿ ಬಂದ ಮೇಲೆಯೇ ಹರಿಗೋಲು ಬೇರೆಯವರ ಕೈಗೆ. ಅದೊಂದು ಪೂಜೆಯ ಶಾಸ್ತ್ರ ಎಂದು ಅವನು ತಿಳಿದಿದ್ದ.

"ಮಾಡಿದವನ ಮನಿಯವರು ಮೊದ್ಲ ಕುಂದರಬೇಕು. ನಮ್ಮ ಕಡೆ ರೂಢಿ," ಎಂದ ಅಜ್ಜ. "ನಿನಗ ಇನ್ನೂ ಮದಿವಿ ಆಗಿಲ್ಲ. ಅವ್ವ ಕುಂದರ್ಲಿ."

"ಆಕಿಗೆ ಈಜು ಬರಂಗಿಲ್ರೀ."

"ಈಜು ಯಾಕ ಬೇಕು? ಓಕೆ ಐತಲ್ಲ."

ಇಷ್ಟು ಹೇಳಿ ಅಜ್ಜ ಬೇವಿನ ಮರದಡಿ ಹೋಗಿ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದ.

ಯಮನೂರ ಅವ್ವನಿಗೆ ಹೇಳಿಕಳಿಸಿದ. ಆಮೇಲೆ ಸುಮ್ಮನೆ ನಿಲ್ಲಲಾಗಲಿಲ್ಲ. ಹರಿಗೋಲನ್ನು ಮಗುಚಿದ. ತಳದ ಮೇಲೆ ಅಂಗೈ ಆಡಿಸಿದ. ಮೊಣಕಾಲು ಊರಿ ಒತ್ತಿದ.

ಒಂದು ಕಡೆ ಕಿರ್ ಎಂದಿತು.

ಯಾವ ದಬ್ಬೆ ಎಂದು ಅವನಿಗೆ ನೋಡದೆಯೇ ಗೊತ್ತಾಯಿತು. ನಕ್ಕ ದಿನ ಬಿಸಿಲಲ್ಲಿ ಬಿಟ್ಟ ಬಿದಿರಿನಿಂದ ಸೀಳಿದ ಎರಡು ದಬ್ಬೆ. ಒಣಗಿ ಗೆಣ್ಣಿನ ಹತ್ತಿರ ಸಣ್ಣಗೆ ಬಿರುಕು ಬಿಟ್ಟಿದ್ದವು. ಹೆಣೆಯುವಾಗ ಕಂಡಿತ್ತು. ಮೇಲೆ ಟಾರ್ಪಾಲು ಬರುತ್ತದಲ್ಲ, ನಡೆದೀತು ಎಂದು ಸೇರಿಸಿಬಿಟ್ಟಿದ್ದ.

ಮರದಡಿಗೆ ಓಡಿಬಂದ.

"ಅಜ್ಜಾರ, ತಳ ನೀವು ನೋಡಿದ್ರೇನ್ರೀ?"

"ನೋಡಿದೆ."

"ಮತ್ತ ಹೇಳಲಿಲ್ಲಲ್ರೀ!"

"ಕೇಳಿದೆನಲ್ಲಪಾ, ಹೆಂಗೈತಿ ಅಂತ."

ಯಮನೂರನ ಮುಖ ಕಪ್ಪಿಟ್ಟಿತು. ನಿಜ ಹೇಳಬೇಕೆಂದರೆ ಅವನಿಗೆ ಅಜ್ಜನ ಮೇಲೆ ಸಿಟ್ಟೇ ಬಂತು. ಸಿಟ್ಟಿನಲ್ಲೇ ಹೋಗಿ ಹರಿಗೋಲಿನ ಮುಂದೆ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಕುಡುಗೋಲು ತೆಗೆದುಕೊಂಡ. ಹದಿನೈದು ದಿನದ ಹೊಲಿಗೆಯನ್ನು ಒಂದೊಂದೇ ಕತ್ತರಿಸತೊಡಗಿದ.

ಮುಂಜಾನೆ ನಡುಗಡ್ಡೆಯ ಜನ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದರು. ಯಮನೂರನ ತಾಯಿ ಹೊನ್ನವ್ವ ಇಳಕಲ್ಲ ಸೀರೆ ಉಟ್ಟು ಬಂದಳು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ, "ನನ್ನ ಮಗ ಹರಿಗೋಲು ಮಾಡ್ಯಾನ," ಎಂದು ಹೇಳುತ್ತಲೇ ಬಂದಿದ್ದಳು.

ದಂಡೆಯ ಮೇಲೆ ಹರಿಗೋಲು ಇರಲಿಲ್ಲ. ಬರೀ ಬಿದಿರಿನ ಗೂಡು ಇತ್ತು, ತಳದಲ್ಲಿ ದೊಡ್ಡ ಕಂಡಿ.

"ಏನೋ ಇದು?" ಎಂದ ನಡುಗಡ್ಡೆಯ ಹಿರಿಯ ಬುಡ್ಡಪ್ಪ. "ನಿನ್ನೆ ಓಕೆ ಅಂದಿದ್ದಿ ಅಂತ ಕೇಳಿದ್ವಿ?"

ಯಮನೂರ ತಾಯಿಯ ಕಡೆ ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ಸುಳ್ಳು ಅಂದಿದ್ದೆ. ತಳದಾಗ ಎರಡು ದಬ್ಬಿ ಬಿರಕ ಬಿಟ್ಟಿದ್ವು. ಗೊತ್ತಿದ್ದೂ ನಾನ ಹಾಕಿದ್ದೆ. ತೆಗದು ಒಗದೀನಿ. ಅದರ ಆಜೂಬಾಜೂ ನಾಕು ಸಡ್ಲ ಅದಾವು, ಅವನ್ನೂ ತೆಗೀತೀನಿ. ಹೊಸಾ ಬಿದಿರು ನೆನೀಬೇಕು, ಡಾಂಬರು ಒಣಗಬೇಕು. ಎಂಟು ದಿನ ಹಿಡಿತೈತಿ. ಅವಸರ ಮಾಡಿದ್ರ ನಾ ಕೊಡಂಗಿಲ್ಲ."

ಹೊನ್ನವ್ವನ ಕಣ್ಣು ತುಂಬಿತು. ಅವಮಾನಕ್ಕಲ್ಲ. ಮಗ ಇಷ್ಟು ನೆಟ್ಟಗೆ ನಿಂತು ಮಾತಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಸೆರಗು ಬಿಗಿದುಕೊಂಡು ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟಳು.

"ಎಂಟು ದಿನ ಆದ್ರ ಎಂಟು ದಿನ. ನಾ ಹರಿಗೋಲಿನಾಗ ಕುಂತ ಹೋಗಾಕಿ," ಎಂದಳು.

ಬುಡ್ಡಪ್ಪನಿಗೆ ಸಮಾಧಾನವಾಗಲಿಲ್ಲ. ಮರದಡಿ ಕುಳಿತ ಅಜ್ಜನ ಹತ್ತಿರ ಹೋದ.

"ಅಜ್ಜಾರ, ಇವನ ಮಾತು ಬಿಡ್ರೀ. ಎಂಟು ದಿನಕ್ಕ ಆಗತೈತೋ ಇಲ್ಲೋ, ನಮ್ಮ ಮಕ್ಕಳನ್ನ ಕೂಡಿಸಬಹುದೋ ಇಲ್ಲೋ, ನೀವ ಒಂದು ಮಾತು ಹೇಳ್ರೀ."

ಅಜ್ಜ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದ. ಬಾಯಿ ತೊಳೆದುಕೊಂಡ.

"ನನ್ನ ಯಾಕ ಕೇಳ್ತೀ ಬುಡ್ಡಪ್ಪ? ಹರಿಗೋಲು ಮಾಡಿದಾವ ಅಲ್ಲಿ ನಿಂತಾನ. ಅವನ್ನ ಕೇಳು."