ತಗಡಿನ ಕೆಳಗಿನ ಹನ್ನೊಂದು ಬೋಲ್ಟು

ತಿಪ್ಪೇಶ ನೋಡದೆ ಸಹಿ ಹಾಕಿದ. ತಪ್ಪು ಅದೇ. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಅವನು ಒಂದು ಶಾಲೆಯ ವಾಹನಗಳ ಉಸ್ತುವಾರಿ ನೋಡಿಕೊಳ್ಳುವ ನೌಕರ. ಬ್ರೇಕು ರಿಪೇರಿಗೆ ಹೋಗಿದ್ದ ಶಾಲೆಯ ವ್ಯಾನು ಶನಿವಾರ ವಾಪಸು ಬಂತು. ಜೊತೆಗೆ ಒಂದು ಕಾಗದ ಬಂತು. ‘ಬ್ರೇಕನ್ನು ಪರೀಕ್ಷಿಸಿ ನೋಡಿದ್ದೇನೆ, ಸರಿಯಾಗಿದೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಮೆಕ್ಯಾನಿಕ್ಕಿನ ಸಹಿ ಇತ್ತು, ಗ್ಯಾರೇಜಿನ ಮಾಲೀಕನ ಸಹಿ ಇತ್ತು, ಡ್ರೈವರನ ಸಹಿ ಇತ್ತು. ನಾಲ್ಕನೆಯ ಸಹಿಯ ಜಾಗ ಖಾಲಿ ಇತ್ತು. ತಿಪ್ಪೇಶ ಅಲ್ಲಿ ತನ್ನ ಹೆಸರು ಬರೆದ. ವ್ಯಾನಿನ ಹತ್ತಿರ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಐಟಿಐಯಲ್ಲಿ ತನಗೆ ಕೆಲಸ ಕಲಿಸಿದ್ದ ಕರಿಬಸಯ್ಯ ಮೇಷ್ಟ್ರ ಮನೆಗೆ ಹೋದ. ನಡೆದದ್ದನ್ನು ಹೇಳಿ, ಕೇಳಿದ:

“ಮೇಷ್ಟ್ರೇ, ನನಗಿಂತ ಮೊದಲು ಮೂವರು ಸಹಿ ಹಾಕಿದ್ದಾರೆ. ನೋಡಿಯೇ ಹಾಕಿರಬೇಕಲ್ಲ? ಮೂವರು ನೋಡಿದ್ದನ್ನು ನಾಲ್ಕನೆಯವನು ಮತ್ತೆ ನೋಡಬೇಕೇ? ನನ್ನ ತಪ್ಪು ಎಲ್ಲಿದೆ ಎಂದು ನನಗೇ ತಿಳಿಯುತ್ತಿಲ್ಲ. ತಪ್ಪೇ ಇಲ್ಲ ಅಂದುಕೊಂಡರೆ ನಿದ್ದೆ ಬರುತ್ತಿಲ್ಲ.”

“ವ್ಯಾನು ನಾಳೆ ಎಷ್ಟು ಹೊತ್ತಿಗೆ ಹೊರಡುತ್ತದೆ?”

“ಏಳೂವರೆಗೆ.”

“ಎಷ್ಟು ಮಕ್ಕಳು?”

“ಹತ್ತೊಂಬತ್ತು.”

“ಹಾಗಾದರೆ ಒಂದು ಕತೆಗೆ ಹೊತ್ತಿದೆ. ಕೂತುಕೋ” ಎಂದು ಮೇಷ್ಟ್ರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಟರ್ನರ್ ಇದ್ದ. ಬೇರೆಯವರ ಯಂತ್ರಗಳಿಗೆ ಲೇತಿನ ಮೇಲೆ ಬಿಡಿಭಾಗ ಕಡೆಯುವುದರಲ್ಲಿ ಅವನ ಇಪ್ಪತ್ತು ವರ್ಷ ಕಳೆದಿತ್ತು. ಆ ಭಾಗಗಳು ಎಲ್ಲಿಗೆ ಹೋಗುತ್ತವೆ, ಏನಾಗುತ್ತವೆ ಎಂಬುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಪೂರ್ತಿ ಒಂದು ವಸ್ತು ತನ್ನ ಕೈಯಿಂದ ಆಗಬೇಕು ಎಂದು ಅವನಿಗೆ ಆಸೆಯಾಯಿತು. ಮನೆಯಲ್ಲೇ ಜೋಡಿಸಿಕೊಳ್ಳುವ ಒಂದು ಕಾರನ್ನು ತರಿಸಿದ.

ಅದು ಏಳು ಪೆಟ್ಟಿಗೆಗಳಲ್ಲಿ ಬಂತು. ಕೊಳವೆಗಳ ಚೌಕಟ್ಟು, ಅಲ್ಯೂಮಿನಿಯಂ ತಗಡು, ನಟ್ಟು, ಬೋಲ್ಟು, ಒಂದು ಪುಸ್ತಕ. ಎಂಜಿನನ್ನು ಅವನು ಒಂದು ಹಳೆಯ ಕಾರಿನಿಂದ ಇಳಿಸಿಕೊಂಡ. ಆ ಕಾರಿಗೆ ಚಾವಣಿ ಇಲ್ಲ, ಬಾಗಿಲಿಲ್ಲ. ಚಕ್ರಗಳು ಮೈಯಿಂದ ಹೊರಗೆ ಬತ್ತಲೆ ನಿಂತಿರುತ್ತವೆ. ಇಬ್ಬರು ಕೂರಬಹುದು. ಹಗುರವಾಗಿರುವುದೇ ಅದರ ಗುಣ. ಹಗುರವಾದ ಗಾಡಿಯಲ್ಲಿ ಬೇಡದ ಬೋಲ್ಟು ಒಂದೂ ಇರುವುದಿಲ್ಲ. ಆದ್ದರಿಂದ ಇರುವ ಒಂದೊಂದು ಬೋಲ್ಟೂ ಯಾರದೋ ಪ್ರಾಣವನ್ನು ಹಿಡಿದುಕೊಂಡಿರುತ್ತದೆ.

ಮನೆಯ ಮುಂದಿನ ಶೀಟಿನ ಚಪ್ಪರದ ಕೆಳಗೆ ಕೆಲಸ ನಡೆಯಿತು. ಅವನ ಗೆಳೆಯ ಒಬ್ಬ ವೆಲ್ಡರ್. ಭಾನುವಾರ ತಪ್ಪದೆ ಬರುತ್ತಿದ್ದ. ಟರ್ನರನ ಹೆಂಡತಿ ಪುಸ್ತಕವನ್ನು ಓದಿ ಅರ್ಥ ಹೇಳುತ್ತಿದ್ದಳು. ಕಾರು ಮುಗಿದ ದಿನ ಗಂಡನ ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ತಾನೇ ಎಂದು ಪೆಟ್ಟಿಗೆ ಒಡೆದ ದಿನವೇ ಹೇಳಿಬಿಟ್ಟಿದ್ದಳು.

ಪುಸ್ತಕದಲ್ಲಿ ಒಂದು ಕಟ್ಟಳೆ ಇತ್ತು. ಮುಖ್ಯವಾದ ಬೋಲ್ಟುಗಳು ನಲವತ್ತೆರಡು. ಅವನ್ನು ಅಳತೆಯ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಬಿಗಿ ಸಾಕಾದಾಗ ಆ ಸ್ಪ್ಯಾನರ್ ಟಕ್ ಎನ್ನುತ್ತದೆ. ಟಕ್ ಎಂದ ಮೇಲೆ ನಟ್ಟಿನಿಂದ ಚೌಕಟ್ಟಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿದಾಗಿದೆ ಎಂದು ತಿಳಿಯಬೇಕು. ಮುಂದೆ ಯಾವಾಗಲಾದರೂ ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಮೊದಲು ಬಿಗಿ, ಆಮೇಲೆ ಗೆರೆ. ಇಷ್ಟೇ.

ಆ ಬೋಲ್ಟುಗಳನ್ನು ಕೂರಿಸಿದ್ದು ಒಂದು ಭಾನುವಾರ. ಬಿಗಿಯುವ ಕೆಲಸ ಬಾಕಿ ಇತ್ತು. ಗಂಟೆ ನಾಲ್ಕು ದಾಟಿತು. ಒಳಗಿನಿಂದ ಟರ್ನರನ ಮಾವ ಬಂದರು.

“ಅಳಿಯಂದಿರೇ, ನಾಲ್ಕೂವರೆಗೆ ರಾಹುಕಾಲ. ಹೊಸ ಕೆಲಸಕ್ಕೆ ಕೈ ಹಾಕಬೇಡಿ.”

“ಶುರುವಾಗಿರೋ ಕೆಲಸ ಮುಂದುವರಿಸಬಹುದಾ ಮಾವ?”

“ಅದಕ್ಕೇನು, ಮಾಡಬಹುದು.”

ಟರ್ನರ್ ಗಡಿಯಾರ ನೋಡಿದ. ಇಪ್ಪತ್ತು ನಿಮಿಷವಿತ್ತು. ನಲವತ್ತೆರಡು ಬೋಲ್ಟು ಬಿಗಿಯಲು ಅದು ಸಾಲದು. ವೆಲ್ಡರ್ ಬಣ್ಣದ ಡಬ್ಬಿ ತೆಗೆದ.

“ಎಲ್ಲಕ್ಕೂ ಒಂದೊಂದು ಗೆರೆ ಎಳೆದುಬಿಡೋಣ ಕಣೋ. ನಲವತ್ತೆರಡಕ್ಕೂ ಕೆಲಸ ಶುರುವಾದಂಗಾಯ್ತು. ಆಮೇಲೆ ನಿಧಾನಕ್ಕೆ ಬಿಗಿಯೋಣ. ರಾಹುವಿಗೂ ಬೇಜಾರಿಲ್ಲ, ನಿಮ್ಮ ಮಾವನಿಗೂ ಬೇಜಾರಿಲ್ಲ.”

ಎಲ್ಲರೂ ನಕ್ಕರು. ಮಾವನೂ ನಕ್ಕರು. ಇಪ್ಪತ್ತು ನಿಮಿಷದಲ್ಲಿ ನಲವತ್ತೆರಡು ಗೆರೆಗಳು ಬಿದ್ದವು.

ತಿಪ್ಪೇಶ ನಡುವೆ ಬಾಯಿ ಹಾಕಿದ. “ಹಾಗಾದರೆ ತಪ್ಪು ಮಾವನದು. ರಾಹುಕಾಲ ಅಂತ ಅಡ್ಡ ಬಂದವರು ಅವರೇ ಅಲ್ಲವೇ?”

“ರಾಹುಕಾಲದಲ್ಲಿ ಕೆಲಸ ಬೇಡ ಎಂದರು. ಸುಳ್ಳು ಗೆರೆ ಎಳೆಯಿರಿ ಎನ್ನಲಿಲ್ಲ. ಸುಮ್ಮನೆ ಕೇಳು” ಎಂದು ಮೇಷ್ಟ್ರು ಮುಂದುವರಿಸಿದರು.

ಬಿಗಿಯುವುದಕ್ಕೆ ತೊಡಗಿದರು. ಹತ್ತೋ ಹದಿನೈದೋ ಬೋಲ್ಟು ಆಗಿತ್ತು. ಅಷ್ಟರಲ್ಲಿ ಬೀದಿಯ ಜನ ಕಾರು ನೋಡಲು ಬಂದರು. ಬಾಗಿಲು ಎಲ್ಲಿ ಎಂದು ಒಬ್ಬ ಕೇಳಿದ. ಮೈಲೇಜು ಎಷ್ಟು ಎಂದು ಎಲ್ಲರೂ ಕೇಳಿದರು. ಟೀ ಬಂತು. ಸ್ಪ್ಯಾನರ್ ಟರ್ನರನ ಕೈಯಿಂದ ವೆಲ್ಡರನ ಕೈಗೆ ಹೋಯಿತು, ಅಲ್ಲಿಂದ ಮತ್ತೆ ಟರ್ನರನ ಕೈಗೆ ಬಂತು. ಮಾತಿನ ನಡುವೆ ಒಂದಿಷ್ಟು ಟಕ್ ಟಕ್ ಕೇಳಿಸಿತು. ಎಷ್ಟು ಎಂದು ಯಾರೂ ಎಣಿಸಲಿಲ್ಲ. ಬೆಳಕು ಕಡಿಮೆಯಾದಾಗ ಕೈ ತೊಳೆದುಕೊಂಡು ಎದ್ದರು.

ಮುಂದಿನ ಭಾನುವಾರ ವೆಲ್ಡರ್ ಒಬ್ಬನೇ ಬೇಗ ಬಂದ. ಕೆಲವು ಗೆರೆಗಳು ಮುರಿದಿದ್ದವು. ಮುರಿಯಲೇಬೇಕಿತ್ತು. ಗೆರೆ ಎಳೆದ ಮೇಲೆ ನಟ್ಟು ತಿರುಗಿಸಿದರೆ ಗೆರೆ ಉಳಿಯುತ್ತದೆಯೇ? ನಿಜಕ್ಕೂ ಬಿಗಿದಿದ್ದ ಬೋಲ್ಟುಗಳಿಗೆ ಉಳಿದಿದ್ದ ಸಾಕ್ಷಿ ಅದೊಂದೇ. ವೆಲ್ಡರನಿಗೆ ಅದು ಹೊಳೆಯಲಿಲ್ಲ. ಬಣ್ಣ ಕೆಟ್ಟಿದೆ ಎಂದುಕೊಂಡ. ಮುರಿದ ಗೆರೆಗಳನ್ನು ಚಿಂದಿಯಿಂದ ಒರೆಸಿ, ಹೊಸದಾಗಿ ನೆಟ್ಟಗೆ ಎಳೆದ. ಈಗ ನಲವತ್ತೆರಡೂ ಒಂದೇ ತರಹ ಕಾಣುತ್ತಿದ್ದವು. ಟರ್ನರ್ ಎದ್ದು ಬಂದು ನೋಡಿದ. ಎಲ್ಲಕ್ಕೂ ಗೆರೆ ಇತ್ತು. ಗೆಳೆಯ ಬೆಳಿಗ್ಗೆಯೇ ಬಂದು ಬಾಕಿ ಮುಗಿಸಿದ್ದಾನೆ ಎಂದುಕೊಂಡ. ಇಬ್ಬರೂ ಸೇರಿ ಹೊಟ್ಟೆಯ ಕೆಳಗಿನ ತಗಡನ್ನು ಕೂರಿಸಿ ರಿವೆಟ್ ಮೊಳೆ ಹೊಡೆದರು. ಹನ್ನೊಂದು ಬೋಲ್ಟುಗಳು ಆ ತಗಡಿನ ಒಳಗೆ ಹೋದವು. ಸ್ಟೇರಿಂಗನ್ನೂ ಮುಂದಿನ ಚಕ್ರಗಳ ತೋಳುಗಳನ್ನೂ ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳು ಅವು.

“ವೆಲ್ಡರ್!” ಎಂದ ತಿಪ್ಪೇಶ. “ಈಗ ಗೊತ್ತಾಯಿತು. ತಪ್ಪು ಅವನದು.”

ಮೇಷ್ಟ್ರು ಅವನ ಮುಖವನ್ನೇ ನೋಡಿದರು. “ನಿನಗೆ ಒಬ್ಬ ಬೇಕಾಗಿದ್ದಾನೆ, ಅಲ್ಲವೇ? ಸಿಕ್ಕಿದವನ ಕೊರಳಿಗೆ ತಪ್ಪನ್ನು ಕಟ್ಟಿ ಮನೆಗೆ ಹೋಗಿ ಮಲಗುತ್ತೀಯ. ಇನ್ನೂ ಕತೆ ಇದೆ.”

ಕಾರು ಮುಗಿಯಿತು. ಊರ ಹೊರಗೆ ಒಂದು ಹಳೆಯ ಗೋದಾಮಿನ ದೊಡ್ಡ ಅಂಗಳವಿತ್ತು. ಅಲ್ಲಿ ಮೊದಲ ಸಲ ಓಡಿಸುವುದೆಂದು ದಿನ ಗೊತ್ತು ಮಾಡಿದರು. ನೆಂಟರಿಗೂ ಬೀದಿಯವರಿಗೂ ಹೇಳಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಹೆಂಡತಿ ಬಟ್ಟೆ ಹಿಡಿದು ಕಾರನ್ನು ಒರೆಸುತ್ತಿದ್ದಳು. ಟರ್ನರ್, ವೆಲ್ಡರ್, ಮಾವ ಮೂವರೂ ಅಲ್ಲೇ ಇದ್ದರು. ಒರೆಸುತ್ತ ಒರೆಸುತ್ತ ಕೈ ನಿಲ್ಲಿಸಿದಳು.

“ರೀ, ಬಿಗಿದ ಮೇಲೆ ಗೆರೆ ಅಂತ ನಾನು ಓದಿ ಹೇಳಿದ್ದೆ. ನೀವು ಮೊದಲೇ ಎಳೆದ್ರಿ. ಆಮೇಲೆ ಬಿಗಿದೋರು ಯಾರು?”

“ಇವನು” ಎಂದು ಟರ್ನರ್ ವೆಲ್ಡರನನ್ನು ತೋರಿಸಿದ.

“ನಾನಾ? ಸ್ಪ್ಯಾನರ್ ನಿನ್ನ ಕೈಲಿತ್ತಲ್ಲೋ!”

“ಟೀ ಕುಡಿಯುವಾಗ ನಿನಗೆ ಕೊಟ್ಟೆನಲ್ಲ.”

“ಕೊಟ್ಟೆ. ನಾನು ಎಡಗಡೆ ಮುಗಿಸಿದೆ.”

“ಯಾವ ಎಡಗಡೆ? ಎದುರಿಗೆ ನಿಂತರೆ ಎಡವೋ, ಸೀಟಲ್ಲಿ ಕೂತರೆ ಎಡವೋ?”

ವೆಲ್ಡರ್ ಹೋಗಿ ಕಾರಿನ ಎದುರಿಗೆ ನಿಂತ. ಆಮೇಲೆ ಸೀಟಿನಲ್ಲಿ ಕೂತ. ಎದ್ದು ಬಂದು ಮತ್ತೆ ಎದುರಿಗೆ ನಿಂತ. ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. “ಆವತ್ತು ಕಾರಿನ ಕೆಳಗೆ ಅಂಗಾತ ಮಲಗಿದ್ದೆ ಕಣೋ, ಯಾವುದು ಎಡ ಅಂತ ತಿಳೀತಿಲ್ಲ” ಎಂದ.

ಯಾರೂ ನಗಲಿಲ್ಲ. ಟರ್ನರ್ ಅಳತೆಯ ಸ್ಪ್ಯಾನರ್ ತಂದ. ಹೊರಗೆ ಕಾಣುವ ಮೂವತ್ತೊಂದು ಬೋಲ್ಟುಗಳಿಗೂ ಒಂದೊಂದಾಗಿ ಹಾಕಿದ. ಇಪ್ಪತ್ತೆರಡು ಇದ್ದಲ್ಲೇ ಟಕ್ ಎಂದವು. ಒಂಬತ್ತು ತಿರುಗಿದವು. ಒಂದಂತೂ ಎರಡು ಸುತ್ತು ತಿರುಗಿದ ಮೇಲೆ ಟಕ್ ಎಂದಿತು. ತಿರುಗಿಸುವ ಮೊದಲು ಅದರ ಮೇಲೂ ಗೆರೆ ನೆಟ್ಟಗಿತ್ತು, ಚೆಂದವಾಗಿತ್ತು.

ಉಳಿದದ್ದು ತಗಡಿನ ಕೆಳಗಿನ ಹನ್ನೊಂದು.

ಟರ್ನರ್ ನೆಲದ ಮೇಲೆ ಕೂತುಬಿಟ್ಟ. ಅವನ ತಲೆ ಓಡಲಿಲ್ಲ. ತಾನು ಬಿಗಿದ ನೆನಪು ಅವನಿಗೆ ಚೆನ್ನಾಗಿ ಇತ್ತು. ಯಾವುದನ್ನು ಎಂಬುದು ಇರಲಿಲ್ಲ. ಟಕ್ ಎಂಬ ಸದ್ದು ಕಿವಿಯಲ್ಲಿತ್ತು. ಅದು ಆವತ್ತಿನದೋ, ಈಗ ತಾನೇ ಕೇಳಿದ್ದೋ ಗೊತ್ತಾಗಲಿಲ್ಲ. ತಗಡನ್ನು ತೆಗೆಯಬೇಕಾದರೆ ನೂರಕ್ಕೂ ಹೆಚ್ಚು ರಿವೆಟ್ಟುಗಳನ್ನು ಡ್ರಿಲ್ ಮಾಡಿ ಕೀಳಬೇಕು. ಎರಡು ತಿಂಗಳು ಉಜ್ಜಿ ಕನ್ನಡಿಯಂತೆ ಮಾಡಿದ್ದ ತಗಡು ಹಾಳಾಗುತ್ತದೆ. ನಾಳಿನ ಓಟ ನಿಲ್ಲುತ್ತದೆ. ಬಂದವರು ನಗುತ್ತಾರೆ.

“ಸಡಿಲ ಇದ್ದದ್ದು ಹೊರಗೇ ಸಿಕ್ಕವಲ್ಲ” ಎಂದ ವೆಲ್ಡರ್. “ಒಳಗಿನವು ಸರಿಯಾಗೇ ಇರ್ತಾವೆ.”

“ಯಾಕೆ ಇರ್ತಾವೆ?” ಎಂದು ಹೆಂಡತಿ ಕೇಳಿದಳು.

ವೆಲ್ಡರ್ ಬಗ್ಗಿ ತಗಡನ್ನು ಬೆರಳಿನಿಂದ ತಟ್ಟಿ ನೋಡಿದ.

“ನಿಧಾನಕ್ಕೆ ಓಡಿಸಿದರೆ ಆಯ್ತು” ಎಂದರು ಮಾವ. “ಹತ್ತು ಗಜ ಓಡಿಸಿ ನಿಲ್ಲಿಸಿ. ಬಂದವರಿಗೂ ಸಮಾಧಾನ.”

“ಅಪ್ಪಾ, ಹತ್ತು ಗಜಕ್ಕೆ ಇವರು ನಿಲ್ಲಿಸ್ತಾರಾ? ಇಪ್ಪತ್ತು ವರ್ಷ ಕಾದಿದ್ದಾರೆ.” ಅವಳು ಗಂಡನ ಕಡೆ ತಿರುಗಿದಳು. “ನಾಳೆ ಪಕ್ಕದಲ್ಲಿ ಕೂರೋಳು ನಾನು. ನೀವು ಬಿಗಿದಿದ್ದೀರಿ ಅಂತ ಹೇಳಿ, ಕೂರ್ತೀನಿ. ಗೊತ್ತಿಲ್ಲ ಅಂತ ಹೇಳಿ, ಕೂರಲ್ಲ. ಗೆರೆ ಮಾತ್ರ ತೋರಿಸಬೇಡಿ.”

ಟರ್ನರ್ ಬಾಯಿ ತೆರೆದ. ಬಿಗಿದಿದ್ದೇನೆ ಎನ್ನಲು ಹೊರಟ. ಮಾತು ಬರಲಿಲ್ಲ. ಗೊತ್ತಿಲ್ಲ ಎನ್ನಲು ಹೊರಟ. ಅದೂ ಬರಲಿಲ್ಲ. ಇಪ್ಪತ್ತು ವರ್ಷದಿಂದ ಕೂದಲೆಳೆಯ ಅಳತೆ ತಪ್ಪದ ಮನುಷ್ಯ ಅವನು. ತನ್ನ ಹೆಂಡತಿಯ ಪ್ರಾಣ ಹಿಡಿದಿರುವ ಹನ್ನೊಂದು ಬೋಲ್ಟುಗಳ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಬಣ್ಣ ಇದೆ ಎಂಬುದಷ್ಟೇ ಗೊತ್ತಿತ್ತು.

ಅವನು ಎದ್ದ. ಒಳಗೆ ಹೋಗಿ ಡ್ರಿಲ್ ತಂದ. ವೆಲ್ಡರ್ ಅಡ್ಡ ಬಂದ.

“ತಗಡು ಹೋಗುತ್ತಲ್ಲೋ!”

“ಹೋಗಲಿ” ಎಂದ ಟರ್ನರ್.

ರಿವೆಟ್ಟುಗಳು ಒಂದೊಂದಾಗಿ ಹಾರಿದವು. ಡ್ರಿಲ್ ಮೂರು ಕಡೆ ಜಾರಿತು, ತಗಡಿನ ಮೇಲೆ ಉದ್ದಕ್ಕೆ ಗೀರಾಯಿತು. ಸ್ವಲ್ಪ ಹೊತ್ತಿನ ಮೇಲೆ ವೆಲ್ಡರನೂ ಕೆಳಗೆ ಮಲಗಿ ಕೈ ಹಾಕಿದ. ತಗಡು ಕಳಚಿ ಕೆಳಗೆ ಬಂತು. ಹನ್ನೊಂದು ಬೋಲ್ಟುಗಳು ಕಂಡವು. ಹನ್ನೊಂದರ ಮೇಲೂ ಹಳದಿ ಗೆರೆ ನೆಟ್ಟಗಿತ್ತು. ಹೆಂಡತಿ ಬಗ್ಗಿ ನೋಡುತ್ತಿದ್ದಳು. ಟರ್ನರ್ ಸ್ಟೇರಿಂಗಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಉಸಿರು ಹಿಡಿದು ಎಳೆದ.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿದರು.

ತಿಪ್ಪೇಶ ಕಾದ. ಅವನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಮುಂದಕ್ಕೆ ಬಾಗಿ ಕೇಳಿದ:

“ಸಡಿಲವಿತ್ತೇ ಮೇಷ್ಟ್ರೇ? ಬಿಗಿಯಿತ್ತೇ?”

“ನಿನ್ನ ವ್ಯಾನಿನ ಬ್ರೇಕು ಹೇಗಿದೆ?” ಎಂದರು ಮೇಷ್ಟ್ರು.

ತಿಪ್ಪೇಶ ಎದ್ದು, ವ್ಯಾನು ನಿಂತಿದ್ದ ಶಾಲೆಯ ಕಡೆಗೆ ಹೊರಟ.

ಓದಿದವರೇ, ನೀವೂ ನೋಡದೆ ಎಲ್ಲೋ ಸಹಿ ಹಾಕಿದ್ದೀರಿ. ಅದು ಯಾವುದೆಂದು ನಿಮಗೆ ಗೊತ್ತು. ಅದನ್ನು ನಂಬಿ ಯಾರೋ ಕೂರುವ ಮೊದಲು, ಇವತ್ತೇ ಎದ್ದು ಹೋಗಿ ನೋಡಿ.