ನೀರಿಗೆ ಹಗ್ಗ ಕಟ್ಟಿದ ಅಣ್ಣತಮ್ಮಂದಿರು

ಒಣಮೆಣಸಿನಕಾಯಿ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಯಜಮಾನರೊಬ್ಬರು ಹಿತ್ತಲಲ್ಲಿ ಒಂದು ಈಜುಕೊಳ ಕಟ್ಟಿಸಿದ್ದರು. ಊರೋ, ಬಿಸಿಲಿನ ತವರು. ಅಲ್ಲಿ ಬೇಸಿಗೆಯ ಮಧ್ಯಾಹ್ನ ಕೋಳಿ ಮೊಟ್ಟೆ ಇಟ್ಟರೆ ಆಮ್ಲೆಟ್ಟೇ ಬೀಳುತ್ತದೆ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ, ಮಕ್ಕಳೇ.

ಯಜಮಾನರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಪಾಲಾದರು. ಅಣ್ಣ ಗುರುಶಾಂತಪ್ಪ, ತಮ್ಮ ಮುರಿಗೆಪ್ಪ. ಮನೆಯ ನಡುವೆ ಗೋಡೆ ಎದ್ದಿತು. ಒರಳುಕಲ್ಲಿನಲ್ಲಿ ಒರಳು ಅಣ್ಣನಿಗೆ ಹೋಯಿತು, ಗುಂಡು ತಮ್ಮನಿಗೆ ಬಂತು. ಅಂದಿನಿಂದ ಎರಡು ಮನೆಯಲ್ಲೂ ಚಟ್ನಿಯಿಲ್ಲ. ಉಳಿದದ್ದು ಈಜುಕೊಳ. ನೀರನ್ನು ಹಂಚುವುದು ಹೇಗೆ? ಪಂಚರು ತಲೆ ಕೆರೆದುಕೊಂಡು ಕೂತರು. ಅಣ್ಣತಮ್ಮಂದಿರಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಇಳಿಯುವ ಮೆಟ್ಟಿಲಿನ ನಟ್ಟನಡುವಿನಿಂದ ಎದುರಿನ ಗೋಡೆಯವರೆಗೆ ಒಂದು ನೈಲಾನ್ ಹಗ್ಗ ಬಿಗಿದರು.

"ಹಗ್ಗದ ಈಚೆ ನೀರು ನನ್ನದು," ಅಂದ ಅಣ್ಣ.

"ಆಚೆಯದು ನನ್ನದು. ಒಂದು ಹನಿ ಮುಟ್ಟಿದರೂ ನೋಡು!" ಅಂದ ತಮ್ಮ.

ಇಂಥ ಮನೆಗೆ ಬಂದಳು ಇವರ ಅಕ್ಕ ಬಸಲಿಂಗಮ್ಮ. ಅವಳ ಬಲಗಾಲಿನ ಮಂಡಿಗೆ ಆಪರೇಷನ್ ಆಗಿತ್ತು. ಗಾಯ ಮಾಗಿತ್ತು, ಆದರೆ ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಡಾಕ್ಟರು ಖಡಾಖಂಡಿತ ಹೇಳಿದ್ದರು: "ದಿನಾ ಎದೆಮಟ್ಟದ ನೀರಿನಲ್ಲಿ ನಡೀರಿ ಅಮ್ಮಾ. ಈ ಮಂಡಿ ಈಗ ಮಡಚದೆ ಹೋದರೆ ಮುಂದೆ ಮಡಚೋದೇ ಇಲ್ಲ." ತವರಿನಲ್ಲಿ ಅಪ್ಪ ಕಟ್ಟಿಸಿದ ಕೊಳ ಇದೆಯಲ್ಲ ಎಂಬ ಧೈರ್ಯದಿಂದ ಬಂದವಳು ಹಿತ್ತಲಿಗೆ ಹೋಗಿ ನೋಡುತ್ತಾಳೆ, ಅಲ್ಲಿ ನೀರೇ ಇಲ್ಲ! ಇದ್ದದ್ದು ಹಸಿರು. ಪಕ್ಕದ ಓಣಿಯ ಎಮ್ಮೆಯೊಂದು ಹುಲ್ಲುಗಾವಲೆಂದು ಬೇಲಿ ಮುರಿದು ಬಂದು, ಒಂದು ಬಾಯಿ ಮೇದು, ಮುಖ ಸಿಂಡರಿಸಿ ವಾಪಸ್ ಹೋಗಿತ್ತಂತೆ.

"ಏನ್ರೋ ಇದು?" ಬಸಲಿಂಗಮ್ಮನ ಮೈ ಉರಿದುಹೋಯಿತು.

"ಅವನನ್ನು ಕೇಳಕ್ಕಾ. ಪಾಚಿ ಹುಟ್ಟಿದ್ದೇ ಅವನ ಕಡೆ."

"ಅಣ್ಣನ ಕಡೆಯಿಂದ ಈಜಿಕೊಂಡು ಬಂತಕ್ಕಾ!"

ಹಾಗೆಂದು ಇಬ್ಬರೂ ಕೈಕಟ್ಟಿ ಕೂತಿದ್ದರು ಅಂದುಕೊಳ್ಳಬೇಡಿ. ಕೂತಿದ್ದರೆ ವಾಸಿಯಿತ್ತು. ಬೋರ್‌ವೆಲ್ ನೀರು, ಕ್ಷಾರ ಜಾಸ್ತಿ ಎಂದು ಗುರುಶಾಂತಪ್ಪ ಬೆಳಗ್ಗೆ ತನ್ನ ಕಡೆಗೆ ಆಸಿಡ್ ಸುರಿಯುತ್ತಿದ್ದ. ಮುರಿಗೆಪ್ಪ ಮುಳುಗಿ ಎದ್ದರೆ ಕಣ್ಣು ಉರಿಯುತ್ತಿತ್ತು. ಆಮ್ಲ ಜಾಸ್ತಿಯಾಗಿದೆ ಎಂದು ಅವನು ಸಂಜೆ ತನ್ನ ಕಡೆಗೆ ವಾಷಿಂಗ್ ಸೋಡಾ ಸುರಿಯುತ್ತಿದ್ದ. ಮರುದಿನ ಅಣ್ಣನಿಗೆ ನೀರು ಮತ್ತೆ ಕ್ಷಾರ. ಮತ್ತೆ ಆಸಿಡ್. ಅಣ್ಣ ಹಾಕಿದ್ದು ತಮ್ಮನಿಗೆ ತಿಳಿಯದು, ತಮ್ಮ ಹಾಕಿದ್ದು ಅಣ್ಣನಿಗೆ ತಿಳಿಯದು. ಕ್ಲೋರಿನ್ ಪುಡಿಯನ್ನು ಇಬ್ಬರೂ ನಡುಮಧ್ಯಾಹ್ನ ಚೆಲ್ಲುತ್ತಿದ್ದರು, ಎದುರಿನವನಿಗೆ ಕಾಣಲಿ ಎಂದು. ಅದನ್ನು ಬಿಸಿಲೇ ನೆಕ್ಕಿ ಹಾಕುತ್ತಿತ್ತು. ಫಿಲ್ಟರಿನ ಪಂಪು ಒಂದೇ. "ನಾನು ಪಂಪು ಹಾಕಿದರೆ ಅವನ ನೀರೂ ಸ್ವಚ್ಛ ಆಗಿಬಿಡುತ್ತಲ್ಲಾ!" ಎಂಬ ಸಂಕಟಕ್ಕೆ ಇಬ್ಬರೂ ಅದರ ಸ್ವಿಚ್ ಮುಟ್ಟುತ್ತಿರಲಿಲ್ಲ. ಪಾಚಿಗೆ ಇನ್ನೇನು ಬೇಕು? ಅದು ಅಳಿಯ ಮಾವನ ಮನೆಯಲ್ಲಿ ಬೆಳೆದಂತೆ ಬೆಳೆಯಿತು.

ಬಸಲಿಂಗಮ್ಮ ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿದಳು. ಆಮೇಲೆ ಗದರಿದಳು. "ಆಯ್ತಕ್ಕಾ, ನನ್ನ ಕಡೆ ನಾನು ಮಾಡ್ತೀನಿ," ಎಂದು ಇಬ್ಬರೂ ಇನ್ನಷ್ಟು ಸುರಿದರು, ಅಷ್ಟೆ. ಅತ್ತ ಮಂಡಿ ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು. ಒಂದು ಬೆಳಗ್ಗೆ ಅವಳಿಗೆ ರೋಸಿಹೋಯಿತು. ಹಸಿರಾದರೂ ನೀರು ನೀರೇ ಎಂದುಕೊಂಡು, ಸೆರಗು ಸಿಕ್ಕಿಸಿ, ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಲೋಳೆ! ಕಾಲು ಜಾರಿತು. ಬಸಲಿಂಗಮ್ಮ ಧಡ್ಡನೆ ಮೆಟ್ಟಿಲ ಮೇಲೆ ಕುಸಿದಳು. ಕೈಯಲ್ಲಿ ಕಂಬಿ ಇರದಿದ್ದರೆ ತಲೆಯೇ ಒಡೆಯುತ್ತಿತ್ತು. ಅವಳ ಕೂಗಿಗೆ ಇಬ್ಬರೂ ತಮ್ಮಂದಿರು ಓಡಿ ಬಂದರು.

ಬಂದು ಏನು ಮಾಡಿದರು ಗೊತ್ತೇ? ಬಗ್ಗಿ ಹಗ್ಗ ನೋಡಿದರು.

"ಅಕ್ಕ ಜಾರಿದ್ದು ನಿನ್ನ ಕಡೆ ಮೆಟ್ಟಿಲ ಮೇಲೆ!"

"ಕಣ್ಣು ಬಿಟ್ಟು ನೋಡಣ್ಣಾ! ಎಡಗಾಲು ನಿನ್ನ ಕಡೆ ಇದೆ. ಜಾರಿದ್ದು ಎಡಗಾಲೇ. ಅಲ್ವೇನಕ್ಕಾ?"

ಒದ್ದೆ ಸೀರೆಯಲ್ಲಿ, ಕಾಲು ಚಾಚಿಕೊಂಡು ಬಿದ್ದಿದ್ದ ಬಸಲಿಂಗಮ್ಮ ಇಬ್ಬರ ಮುಖವನ್ನೂ ನೋಡಿದಳು. ಎತ್ತಲು ಒಂದು ಕೈಯೂ ಮುಂದೆ ಬಂದಿರಲಿಲ್ಲ. ಅವಳು ತಾನೇ ಕಂಬಿ ಹಿಡಿದು ಎದ್ದಳು. ಕುಂಟುತ್ತ ಹೋಗಿ ಹಗ್ಗದ ಕೊಕ್ಕೆ ಬಿಚ್ಚಿ ನೀರಿಗೆ ಎಸೆದಳು. ಆಮೇಲೆ ಬಾಯಿ ಬಿಟ್ಟಳು ನೋಡಿ, ಮೂರು ಓಣಿಯ ಕುಕ್ಕರುಗಳು ನಾಚಿ ಸೀಟಿ ಹೊಡೆಯುವುದನ್ನು ನಿಲ್ಲಿಸಿದವು!

"ನಾಚಿಕೆಗೆಟ್ಟವರಾ! ಅಕ್ಕ ಬಿದ್ದಿದ್ದಾಳೆ, ನೀವು ಗಡಿ ಅಳೀತೀರಾ? ನಿಂಬೆ ಹುಳಿಗೆ ಸೋಡಾ ಹಾಕಿದರೆ ಏನಾಗುತ್ತೋ ಗುರುಶಾಂತ? ಬುಸ್ ಅನ್ನುತ್ತೆ. ಆಮೇಲೆ? ಹುಳಿಯೂ ಇಲ್ಲ, ಸೋಡಾನೂ ಇಲ್ಲ. ಬೆಳಗ್ಗೆ ನೀನು ಸುರಿದಿದ್ದನ್ನ ಸಂಜೆ ಇವನು ಕೊಂದ, ಇವನು ಸುರಿದಿದ್ದನ್ನ ನೀನು ಕೊಂದೆ. ಸಾಯದೆ ಉಳಿದಿದ್ದು ಪಾಚಿ ಒಂದೇ! ಈ ಹಗ್ಗ ನಿಮ್ಮ ಕಣ್ಣಿಗೆ ಕಾಣುತ್ತೆ. ನೀರಿಗೆ ಕಾಣುತ್ತೇನ್ರೋ?"

"ಅದಲ್ಲಕ್ಕಾ..." ಅಂದ ಮುರಿಗೆಪ್ಪ.

"ಬಾಯಿ ಮುಚ್ಚು! ಮಂಡಿ ನನ್ನದು. ನಾಳೆ ಕುಂಟಿಯಾಗೋಳು ನಾನು. ಇವತ್ತು ಇಬ್ಬರೂ ಕೂಡಿ ಇದನ್ನ ತೊಳೀರಿ. ಆಗಲ್ಲ ಅಂದರೆ ಹೇಳಿಬಿಡಿ, ನನಗೆ ತವರು ಇಲ್ಲ ಅಂದುಕೊಂಡು ಈಗಲೇ ಹೊರಡ್ತೀನಿ."

ಆ ಕೊನೆಯ ಮಾತಿಗೆ ಇಬ್ಬರ ಮುಖವೂ ಬೆಳ್ಳಗಾಯಿತು. ಗುರುಶಾಂತಪ್ಪ ಲುಂಗಿ ಮೇಲೆ ಕಟ್ಟಿದ. ಮುರಿಗೆಪ್ಪ ಎರಡು ಉದ್ದ ಹಿಡಿಯ ಬ್ರಷ್ ತಂದ.

ಗೋಡೆ ಉಜ್ಜಿದ್ದೇ ತಡ, ಕೊಳದ ತುಂಬ ಹಸಿರು ಮೋಡ ಎದ್ದಿತು. ಅದೆಂಥ ಮೋಡ! ಅದರಲ್ಲಿ ಅಣ್ಣನಿಗೆ ತಮ್ಮ ಕಾಣಲಿಲ್ಲ, ತಮ್ಮನಿಗೆ ಅಣ್ಣ ಕಾಣಲಿಲ್ಲ. ಬ್ರಷ್ಷಿನ ಹಿಡಿ ಯಾರದಾದರೂ ಮೂಗಿಗೆ ಬಡಿದೀತು ಎಂಬ ಭಯ ಬೇರೆ.

"ಅಣ್ಣಾ, ಎಲ್ಲಿದ್ದೀಯಾ?"

"ಇಲ್ಲೇ ಇದ್ದೀನೋ. ನೀನು ಎಡಕ್ಕೆ ಬಾ."

ಪಾಲಾದ ಮೇಲೆ ಅವರು ಜಗಳವಿಲ್ಲದೆ ಆಡಿದ ಮೊದಲ ಮಾತು ಅದು. ಬಸಲಿಂಗಮ್ಮ ದಡದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲು ಚಾಚಿ, "ಮೂಲೆ ಬಿಟ್ಟಿರಿ! ಮೆಟ್ಟಿಲ ಸಂದಿ ಬಿಟ್ಟಿರಿ!" ಎಂದು ಬೈಯುತ್ತಲೇ ಇದ್ದಳು.

ಉಜ್ಜಿ ಆದ ಮೇಲೆ ನೀರು ಪರೀಕ್ಷೆ ಮಾಡುವ ಹನಿ ಮದ್ದು ತರಿಸಿದಳು. ಆಸಿಡ್ ಕ್ಯಾನು, ಸೋಡಾ ಚೀಲ ಎರಡನ್ನೂ ತನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರೂ ಒಂದೇ ಶೀಶೆಯಲ್ಲಿ ನೀರು ಹಿಡಿದು, ತಲೆಗೆ ತಲೆ ತಾಗಿಸಿ ಬಣ್ಣ ನೋಡಿದರು. ಎಷ್ಟು ಬೇಕೆಂದು ಲೆಕ್ಕ ಹಾಕಿ, ಅಷ್ಟೇ ಆಸಿಡ್ ಹಾಕಿ ನೀರನ್ನು ಹದಕ್ಕೆ ತಂದರು. ಪಂಪು ಓಡಿತು. ಆಸಿಡ್ ನೀರಿನಲ್ಲಿ ಪೂರ್ತಿ ಬೆರೆತು, ಸೂರ್ಯ ಇಳಿದ ಮೇಲೆ ಕ್ಲೋರಿನ್ ಬಿತ್ತು. ಆಸಿಡ್ಡನ್ನೂ ಕ್ಲೋರಿನ್ನನ್ನೂ ಒಟ್ಟಿಗೆ ಕಲಸಿದರೆ ವಿಷದ ಹೊಗೆ ಏಳುತ್ತದೆ, ಮಕ್ಕಳೇ. ಅಷ್ಟು ಬುದ್ಧಿ ಆ ಇಬ್ಬರಿಗೂ ದೇವರು ಕೊಟ್ಟಿದ್ದ. ಹಗಲೂ ರಾತ್ರಿ ಪಂಪು ಓಡಿ, ಸತ್ತ ಪಾಚಿ ಬೂದಿಯ ಹಾಗೆ ತಳಕ್ಕೆ ಕೂತಿತು. ಅದನ್ನು ಪೈಪಿನಿಂದ ಎಳೆದು ಹೊರಗೆ ಚೆಲ್ಲಿ, ಫಿಲ್ಟರನ್ನೂ ತೊಳೆದರು. ನೀರು ಎಷ್ಟು ತಿಳಿಯಾಯಿತು ಎಂದರೆ, ಕೊಳ ಖಾಲಿಯಿದೆ ಎಂದುಕೊಂಡ ಬೆಕ್ಕೊಂದು ನಡೆದುಕೊಂಡು ಬಂದು ಅದರಲ್ಲೇ ಬಿತ್ತು.

ಕ್ಲೋರಿನ್ನಿನ ಘಾಟು ಇಳಿದ ಮೇಲೆ ಬಸಲಿಂಗಮ್ಮ ನೀರಿಗೆ ಇಳಿದಳು. ದಿನವೂ ನಡೆದಳು. ಮಂಡಿ ಮಾತ್ರ ಮೊಂಡು ಹಿಡಿದಿತ್ತು.

ಒಂದು ಸಂಜೆ ಅವಳು ನಡೆದು ಮುಗಿಸಿ ಮೆಟ್ಟಿಲ ಬಳಿ ನಿಂತಿದ್ದಾಗ, ಮುರಿಗೆಪ್ಪ ಸೋಡಾ ಡಬ್ಬಿ ಹಿಡಿದು ಹಿತ್ತಲಿಗೆ ಬಂದ. ಮುಚ್ಚಳ ತೆಗೆದ. ತಡೆದು ನಿಂತ. ಗೋಡೆಯಾಚೆಗೆ ಕತ್ತು ಚಾಚಿ ಕೂಗಿದ: "ಅಣ್ಣಾ, ನೀನೇನಾದರೂ ಹಾಕಿದ್ದೀಯಾ?"

"ಬೆಳಗ್ಗೆ ಸ್ವಲ್ಪ ಆಸಿಡ್ ಹಾಕಿದ್ದೆ ಕಣೋ. ತಡಿ, ಬಂದೆ. ಇಬ್ಬರೂ ನೋಡೋಣ."

ಬಸಲಿಂಗಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಇನ್ನೂ ಸಿಟ್ಟೇ ಬಂತು. "ಈ ಒಂದು ಮಾತು ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನ್ರೋ ನಿಮಗೆ? ಅಕ್ಕ ಬಿದ್ದು ಸೊಂಟ ಮುರಕೋಬೇಕಾಯ್ತಾ? ಥೂ ನಿಮ್ಮ!" ಎಂದು ಬೈಯುತ್ತ ಬೈಯುತ್ತ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

ತಮ್ಮಂದಿರಿಬ್ಬರೂ ಬೈಗುಳ ಕೇಳುತ್ತಿರಲಿಲ್ಲ. ಅವಳ ಕಾಲನ್ನೇ ನೋಡುತ್ತಿದ್ದರು. ಮಂಡಿ ಮಡಚಿತ್ತು.

ನೀತಿ: ಹಗ್ಗ ಕಟ್ಟಿದರೆ ನೀರು ಎರಡಾಗುವುದಿಲ್ಲ. ಒಬ್ಬರು ಏನು ಹಾಕಿದ್ದಾರೆಂದು ಕೇಳದೆ ಇನ್ನೊಬ್ಬರು ಸುರಿಯುವ ಮದ್ದು ಪಾಚಿಗೇ ಗೊಬ್ಬರ. ತಪ್ಪು ಯಾರ ಕಡೆಯದೆಂದು ಆಮೇಲೆ ಅಳೆಯಿರಿ, ಮೊದಲು ಬಿದ್ದವರನ್ನು ಎತ್ತಿ.